ಬಚ್ಚಲುಮನೆಯ ಬಿಸಿನೀರು: ದಾವಣಗೆರೆ–ಹರಿಹರಗಳಲ್ಲಿ ಸಾಧನ ಬದಲಾವಣೆಯ ವೆಚ್ಚವನ್ನು ಕುರಿತು ಒಂದು ವಿವೇಚನೆ

1. ಪೀಠಿಕೆ

ಚರಿತ್ರೆಯ ಅಭ್ಯಾಸಿಗಳು ರಾಜರ ಶಾಸನಗಳನ್ನೂ ದೇವಾಲಯಗಳ ದತ್ತಿಗಳನ್ನೂ ಓದುವುದರಲ್ಲಿ ಪಳಗಿದವರಾದರೂ, ತಮ್ಮ ಮನೆಯ ಬಚ್ಚಲಿನಲ್ಲಿ ನಡೆದುಹೋದ ಬದಲಾವಣೆಯನ್ನು ಗಮನಿಸುವುದು ಕಡಮೆ. ಹರಿಹರದ ಹರಿಹರೇಶ್ವರ ದೇವಾಲಯವು ಹದಿಮೂರನೆಯ ಶತಮಾನದಲ್ಲಿ ಹೊಯ್ಸಳರ ಕಾಲದಲ್ಲಿ ನಿರ್ಮಿತವಾಯಿತೆಂಬುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಆದರೆ ಅದೇ ಊರಿನ ಮನೆಗಳಲ್ಲಿ ಸ್ನಾನದ ನೀರು ಯಾವಾಗ ಒಲೆಯನ್ನು ಬಿಟ್ಟು ತಂತಿಗೆ ಬಂತು, ಅದಕ್ಕಾಗಿ ಮನೆಯವರು ಏನನ್ನು ತೆತ್ತರು, ಏನನ್ನು ಕಳೆದುಕೊಂಡರು ಎಂದು ಕೇಳಿದರೆ ಉತ್ತರ ದೊರೆಯುವುದಿಲ್ಲ. ಪ್ರಸ್ತುತ ಲೇಖನದ ಉದ್ದೇಶ ಈ ಸಣ್ಣ ಪ್ರಶ್ನೆಯನ್ನು ಎತ್ತಿಕೊಂಡು, ನೀರು ಕಾಯಿಸುವ ಸಾಧನವೊಂದನ್ನು ಬದಲಾಯಿಸುವಾಗ ತಗಲುವ ‘ವೆಚ್ಚ’ವೆಂದರೆ ಏನೆಂಬುದನ್ನು ವಿವರಿಸುವುದಾಗಿದೆ.

ಪ್ರಶ್ನೆ ಹುಟ್ಟಿದ ಸಂದರ್ಭವನ್ನು ಹೇಳಿಬಿಡುವುದು ಒಳ್ಳೆಯದು. ಕಳೆದ ಚಳಿಗಾಲದಲ್ಲಿ ನಮ್ಮ ಮನೆಯ ವಿದ್ಯುತ್ ಗೀಸರ್ ತಳದಲ್ಲಿ ತೊಟ್ಟಿಕ್ಕಲು ಆರಂಭಿಸಿತು. ಅದನ್ನು ಬಿಚ್ಚಿ ನೋಡಿದ ಮೆಕ್ಯಾನಿಕ್, ಕಾಯಿಲ್ ಸುಟ್ಟಿದ್ದರೆ ಹಾಕಿಕೊಡಬಹುದಾಗಿತ್ತು, ಒಳಗಿನ ಟ್ಯಾಂಕೇ ತೂತಾಗಿರುವುದರಿಂದ ಹೊಸದನ್ನೇ ತರಬೇಕೆಂದು ಹೇಳಿದನು. ಹಳೆಯದಕ್ಕೆ ಏನು ಸಿಕ್ಕೀತೆಂದು ಕೇಳಿದ್ದಕ್ಕೆ ನಕ್ಕು, ಗುಜರಿಯವನು ತಗಡಿನ ಬೆಲೆ ಕೊಟ್ಟಾನು ಎಂದನು. ಆಗ ಮನೆಯ ಹಿರಿಯರೊಬ್ಬರು, “ನಮ್ಮ ಹಂಡೆ ಕೊಟ್ಟಾಗ ಒಂದು ಮನೆಗಾಗುವಷ್ಟು ಸ್ಟೀಲ್ ಪಾತ್ರೆ ಬಂದಿದ್ದವು” ಎಂದರು. ಈ ಒಂದು ಮಾತಿನಲ್ಲಿ ಆರ್ಥಿಕ ಚರಿತ್ರೆಯ ವಿಷಯವೊಂದು ಅಡಗಿದೆಯೆಂದು ನನಗೆ ತೋರಿತು.

2. ಹಂಡೆಯ ಕಾಲ

ದಾವಣಗೆರೆ ಮತ್ತು ಹರಿಹರ ಒಂದರಿಂದೊಂದು ಹದಿನಾಲ್ಕು ಕಿಲೋಮೀಟರುಗಳಷ್ಟು ಮಾತ್ರ ದೂರದಲ್ಲಿರುವ ಊರುಗಳು. ಮೊದಲನೆಯದು ಹತ್ತಿಯ ಪೇಟೆಯಾಗಿ, ಆಮೇಲೆ ಹತ್ತಿಯ ಗಿರಣಿಗಳ ಊರಾಗಿ ಬೆಳೆಯಿತು. ಎರಡನೆಯದು ತುಂಗಭದ್ರೆಯ ದಂಡೆಯ ಕ್ಷೇತ್ರವಾಗಿದ್ದು 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಯಂತ್ರೋಪಕರಣ ಕಾರ್ಖಾನೆ ಸ್ಥಾಪಿತವಾದಂದಿನಿಂದ ಕೈಗಾರಿಕೆಯ ಊರೂ ಆಯಿತು. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಇವೆರಡೂ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ಪೇಟೆಯ ಅಡತಿ ವ್ಯಾಪಾರಿ, ಗಿರಣಿಯ ಕೂಲಿಕಾರ, ಕಾರ್ಖಾನೆಯ ಸಂಬಳದಾರ, ಸುತ್ತಲಿನ ಹಳ್ಳಿಯ ಒಕ್ಕಲಿಗ, ಈ ನಾಲ್ವರ ಮನೆಗಳೂ ಇಲ್ಲಿ ಅಕ್ಕಪಕ್ಕದಲ್ಲಿರುವುದರಿಂದ ನಮ್ಮ ವಿಚಾರಕ್ಕೆ ಈ ಪ್ರದೇಶವು ಅನುಕೂಲವಾಗಿದೆ.

ಈ ಎಲ್ಲ ಮನೆಗಳಲ್ಲಿಯೂ ಅನುಕೂಲಸ್ಥರ ಬಚ್ಚಲಿನ ಮುಖ್ಯ ವಸ್ತು ತಾಮ್ರದ ಹಂಡೆಯಾಗಿತ್ತು. ಬಡವರ ಮನೆಯಲ್ಲಿ ಅದರ ಸ್ಥಾನದಲ್ಲಿ ಮಣ್ಣಿನ ಹರವಿಯೋ, ಕಾಲಾಂತರದಲ್ಲಿ ಅಲ್ಯೂಮಿನಿಯಮ್ ಪಾತ್ರೆಯೋ ಇರುತ್ತಿತ್ತು. ಹಂಡೆಯನ್ನು ಮಣ್ಣಿನ ಒಲೆಯಲ್ಲಿ ಕುತ್ತಿಗೆಯವರೆಗೆ ಹುದುಗಿಸಿ ಕೂರಿಸುವುದು ವಾಡಿಕೆ. ಒಲೆಯ ಬಾಯಿ ಬಚ್ಚಲಿನ ಹೊರಗಿದ್ದರೆ ಹೊಗೆ ಹಿತ್ತಲಿಗೆ ಹೋಗುತ್ತಿತ್ತು. ಒಳಗಿದ್ದರೆ ಬೆಂಕಿ ಹಚ್ಚುವವರ ಕಣ್ಣಿಗೆ ಹೋಗುತ್ತಿತ್ತು. ಉರುವಲು ಊರಿನ ಬೆಳೆಯನ್ನು ಅನುಸರಿಸಿತು. ಹತ್ತಿ ಬೆಳೆಯುವ ಕಾಲದಲ್ಲಿ ಹತ್ತಿಕಟ್ಟಿಗೆ, ಎಲ್ಲ ಕಾಲದಲ್ಲಿಯೂ ಕುಳ್ಳು. ಭದ್ರಾ ನಾಲೆಯ ನೀರು ಬಂದು ಭತ್ತದ ಸಾಗುವಳಿಯೂ ಅಕ್ಕಿಯ ಗಿರಣಿಗಳೂ ಹೆಚ್ಚಿದ ಮೇಲೆ ಭತ್ತದ ಹೊಟ್ಟು. ಮೆಕ್ಕೆಜೋಳವು ಜಿಲ್ಲೆಯ ಪ್ರಧಾನ ಬೆಳೆಗಳಲ್ಲೊಂದಾದ ಮೇಲೆ ಕಾಳು ಬಿಡಿಸಿದ ತೆನೆಯ ದಿಂಡು. ಹೀಗೆ ಹಂಡೆಯ ಒಲೆಯು ಬಹುಮಟ್ಟಿಗೆ ಬೆಳೆಯ ಉಳಿಕೆಯನ್ನು ತಿಂದು ಬದುಕುವ ಸಾಧನವಾಗಿತ್ತು. ಒಲೆಯ ಬೂದಿ ಪಾತ್ರೆ ತೊಳೆಯಲು ಉಪಯೋಗವಾಗುತ್ತಿತ್ತು. ಬಚ್ಚಲಿನ ನೀರು ಹಿತ್ತಲಿನ ಬಾಳೆಗೆ ಹರಿಯುತ್ತಿತ್ತು.

ಹಂಡೆಯ ಆರ್ಥಿಕ ಸ್ವರೂಪವನ್ನು ಇಲ್ಲಿ ಗಮನಿಸತಕ್ಕದ್ದು. ಅದು ಪಾತ್ರೆಯಾಗಿದ್ದಂತೆಯೇ ಕೂಡಿಟ್ಟ ಧನವೂ ಆಗಿತ್ತು. ಸುಗ್ಗಿಯಲ್ಲಿ ಒಟ್ಟಿಗೆ ಹಣ ಬಂದಾಗಲೋ ಮಗಳ ಮದುವೆಯ ಕಾಲದಲ್ಲಿಯೋ ಕೊಳ್ಳುತ್ತಿದ್ದ ಈ ವಸ್ತುವು ಎರಡು ಮೂರು ತಲೆಮಾರು ಬಾಳುತ್ತಿತ್ತು. ತಳ ತೆಳುವಾದರೆ ಕಂಚುಗಾರನು ತೇಪೆ ಹಾಕುತ್ತಿದ್ದನು. ತೇಪೆಗೂ ನಿಲ್ಲದಷ್ಟು ಹಳೆಯದಾದರೆ ತೂಕಕ್ಕೆ ಹಾಕಿ, ಮಜೂರಿಯನ್ನಷ್ಟೇ ಸೇರಿಸಿ ಹೊಸದನ್ನು ತರುತ್ತಿದ್ದರು. ಬರಗಾಲದಲ್ಲಿಯೋ ಕಾಯಿಲೆಯ ಕಾಲದಲ್ಲಿಯೋ ಒತ್ತೆಯಿಡಲು ಬರುತ್ತಿದ್ದ ಕೆಲವೇ ವಸ್ತುಗಳಲ್ಲಿ ಅದೂ ಒಂದು. ತವರಿನಿಂದ ಬಂದ ಹಂಡೆಯ ಮೇಲೆ ಹೆಣ್ಣುಮಗಳ ಹೆಸರನ್ನು ಕೊರೆಯಿಸುವ ಪದ್ಧತಿಯಿತ್ತೆಂಬುದು ಹಳೆಯ ಪಾತ್ರೆಗಳನ್ನು ನೋಡಿದವರಿಗೆಲ್ಲ ತಿಳಿದಿದೆ. ದೀಪಾವಳಿಯ ನೀರು ತುಂಬುವ ಹಬ್ಬದಂದು ಹಂಡೆಯನ್ನು ಹುಣಸೆಹಣ್ಣಿನಿಂದ ಬೆಳಗಿ, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿದು, ಬಳ್ಳಿ ಸುತ್ತಿ ಪೂಜಿಸುತ್ತಿದ್ದುದು ಕೇವಲ ಆಚಾರವಲ್ಲ. ಮನೆಯ ಬಂಡವಾಳವನ್ನು ವರ್ಷಕ್ಕೊಮ್ಮೆ ತೊಳೆದು ಪರೀಕ್ಷಿಸುವ ಕ್ರಮವೂ ಹೌದೆಂದು ನನಗೆ ತೋರುತ್ತದೆ.

ಆದರೆ ಈ ಚಿತ್ರವನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಚರಿತ್ರೆಯಾಗದೆ ಹಳಹಳಿಕೆಯಾದೀತು. ನಾಲ್ವರ ಸಂಸಾರದಲ್ಲಿ ತಲೆಗೆ ಇಪ್ಪತ್ತು ಲೀಟರಿನಂತೆ 80 ಲೀಟರು ನೀರನ್ನು 25 ಅಂಶದಿಂದ 42 ಅಂಶಕ್ಕೆ ಏರಿಸಲು 1,360 ಕಿಲೊಕ್ಯಾಲೊರಿ ಶಾಖ ಬೇಕು. ಒಂದು ಕಿಲೋಗ್ರಾಂ ಒಣಗಿದ ಸೌದೆಯಲ್ಲಿ ಸುಮಾರು 3,600 ಕಿಲೊಕ್ಯಾಲೊರಿ ಇದೆಯೆಂದೂ, ತೆರೆದ ಒಲೆಯಲ್ಲಿ ಅದರಲ್ಲಿ ನೂರಕ್ಕೆ 15ರಷ್ಟು ಮಾತ್ರ ನೀರಿಗೆ ಸೇರುತ್ತದೆಂದೂ ಇಟ್ಟುಕೊಂಡರೆ, ದಿನಕ್ಕೆ ಎರಡೂವರೆ ಕಿಲೋಗ್ರಾಂ ಸೌದೆ ಬೇಕಾಗುತ್ತದೆ. ಬೇಸಿಗೆಯ ಎರಡು ತಿಂಗಳು ತಣ್ಣೀರಿನ ಸ್ನಾನವೆಂದು ಬಿಟ್ಟು ವರ್ಷಕ್ಕೆ 300 ದಿನಗಳನ್ನು ಎಣಿಸಿದರೆ ಇದು ಮುಕ್ಕಾಲು ಟನ್ನಾಯಿತು. ಇದನ್ನು ತರುವವರು, ಒಣಗಿಸುವವರು, ಬೆಳಗಿನ ಜಾವಕ್ಕೆ ಎದ್ದು ಊದುಗೊಳವೆ ಹಿಡಿಯುವವರು ಸಾಮಾನ್ಯವಾಗಿ ಹೆಂಗಸರು. ದಿನಕ್ಕೆ ಒಂದು ಗಂಟೆಯೆಂದು ಎಣಿಸಿದರೂ ವರ್ಷಕ್ಕೆ 300 ಗಂಟೆ. ಎಂಟು ಗಂಟೆಯ ಕೆಲಸದ ದಿನದ ಲೆಕ್ಕದಲ್ಲಿ 37 ದಿನಗಳಿಗೂ ಮೇಲು. ಈ ದುಡಿಮೆ ಯಾವ ಮನೆಯ ಖರ್ಚಿನ ಪುಸ್ತಕದಲ್ಲಿಯೂ ಬರೆಯಲ್ಪಡಲಿಲ್ಲ. ಹಂಡೆಯ ನೀರು ‘ಪುಕ್ಕಟೆ’ ಎಂದು ಯಾರಾದರೂ ಹೇಳಿದರೆ, ಈ 37 ದಿನಗಳನ್ನು ಅವರು ಮರೆತಿದ್ದಾರೆಂದು ತಿಳಿಯಬೇಕು.

3. ವಿದ್ಯುತ್ತಿನ ಪ್ರವೇಶ

ಮೈಸೂರು ಸಂಸ್ಥಾನದಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿಗೂ ಹರಿಯಿತು. ಆದರೆ ಅದು ಮೊದಲು ಯಂತ್ರಕ್ಕೆ, ಬಳಿಕ ದೀಪಕ್ಕೆ ಬಂದ ವಿದ್ಯುತ್ತು; ನೀರು ಕಾಯಿಸುವಷ್ಟು ಧಾರಾಳವಾಗಿರಲಿಲ್ಲ. 1948ರಲ್ಲಿ ಜೋಗದ ವಿದ್ಯುದಾಗಾರವು ಆರಂಭವಾದುದು, 1957ರಲ್ಲಿ ರಾಜ್ಯದ ವಿದ್ಯುಚ್ಛಕ್ತಿ ಮಂಡಲಿಯು ಸ್ಥಾಪಿತವಾದುದು, 1960ರ ದಶಕದಲ್ಲಿ ಶರಾವತಿ ಯೋಜನೆಯು ಕಾರ್ಯಗತವಾದುದು, ಇವುಗಳಿಂದಾಗಿ ವಿದ್ಯುತ್ತು ಮಧ್ಯ ಕರ್ನಾಟಕದ ಪಟ್ಟಣಗಳ ಮನೆಗಳಿಗೆ ಹೆಚ್ಚಾಗಿ ತಲಪಿತು. ದೀಪಕ್ಕೆ ಒಂದು, ಶಾಖದ ಉಪಕರಣಗಳಿಗೆ ಒಂದು ಎಂಬ ಭೇದವು ಮಂಡಲಿಯ ದರಪಟ್ಟಿಗಳಲ್ಲಿಯೇ ಇದ್ದಿತು. ಹಳೆಯ ಮನೆಗಳನ್ನು ಬಾಡಿಗೆಗೆ ಕೊಡುವಾಗ ‘ಎ.ಇ.ಎಚ್. ಸಂಪರ್ಕವಿದೆ’ ಎಂದು ಹೇಳುತ್ತಿದ್ದುದರ ಅರ್ಥ ಇದೇ: ಆ ಮನೆಯ ತಂತಿಯು ಬರಿಯ ದೀಪಕ್ಕಲ್ಲ, ನೀರು ಕಾಯಿಸುವುದಕ್ಕೂ ಸಾಲುತ್ತದೆ.

ಹಂಡೆಯಿಂದ ಗೀಸರಿಗೆ ಒಂದೇ ನೆಗೆತದಲ್ಲಿ ಬಂದ ಮನೆಗಳು ಕಡಮೆ. ನಡುವೆ ಮೂರು ಮೆಟ್ಟಿಲುಗಳಿದ್ದವು. ಒಂದು, ನಡುವೆ ಹೊಗೆಯ ಕೊಳವೆಯುಳ್ಳ ತಾಮ್ರದ ಬಾಯ್ಲರ್. ಸೌದೆ ಕಡಮೆ ಬೇಡುತ್ತಿದ್ದ ಇದು ಹಂಡೆಯ ಬುದ್ಧಿವಂತ ತಮ್ಮನೆನ್ನಬಹುದು. ಎರಡು, ಬಕೆಟ್ಟಿನಲ್ಲಿ ಇಳಿಬಿಡುವ ವಿದ್ಯುತ್ ಕಾಯಿಲ್. ಅಗ್ಗದ್ದಾದುದರಿಂದ ಬಾಡಿಗೆಯ ಕೋಣೆಗಳಲ್ಲಿರುವ ವಿದ್ಯಾರ್ಥಿಗಳಲ್ಲಿ ಇಂದಿಗೂ ಬಳಕೆಯಲ್ಲಿದೆ, ಅಪಾಯಕರವೂ ಆಗಿದೆ. ಮೂರು, ತಾಮ್ರದ ಒಳಟ್ಯಾಂಕಿನ ಹಳೆಯ ಮಾದರಿಯ ಗೀಸರ್. ಈ ಮೂರನೆಯದನ್ನು ವಿಶೇಷವಾಗಿ ನೆನಪಿಡಬೇಕು. ಏಕೆಂದರೆ ಅದು ಕೆಟ್ಟಾಗಲೂ ಒಳಗಿನ ತಾಮ್ರಕ್ಕೆ ಬೆಲೆಯಿತ್ತು. ಹಂಡೆಯ ಗುಣದ ಒಂದಂಶವನ್ನು ಅದು ಉಳಿಸಿಕೊಂಡಿತ್ತು. ಈಗ ಸಾಮಾನ್ಯವಾಗಿ ದೊರೆಯುವ ಗೀಸರುಗಳ ಟ್ಯಾಂಕು ಗಾಜಿನ ಲೇಪವುಳ್ಳ ಉಕ್ಕಿನದು. ಹೊಸದಾಗಿರುವಾಗ ಅದು ಕೆಲಸಕ್ಕೆ ಕಡಮೆಯಲ್ಲ. ಸತ್ತ ಮೇಲೆ ಅದಕ್ಕೆ ಬೆಲೆಯಿಲ್ಲ.

4. ಗೀಸರು ಏಕೆ ಕೆಡುತ್ತದೆ

ಬದಲಾಯಿಸುವ ವೆಚ್ಚವನ್ನು ತಿಳಿಯಬೇಕಾದರೆ, ಬದಲಾಯಿಸುವ ಅಗತ್ಯ ಯಾವಾಗ ಒದಗುತ್ತದೆಂಬುದನ್ನು ಮೊದಲು ತಿಳಿಯಬೇಕು. ಗೀಸರಿನ ಭಾಗಗಳು ನಾಲ್ಕೈದೇ: ಒಳಟ್ಯಾಂಕು, ಕಾಯಿಲ್, ಶಾಖವನ್ನು ನಿಯಂತ್ರಿಸುವ ಥರ್ಮೋಸ್ಟ್ಯಾಟ್, ಒತ್ತಡ ಮೀರಿದರೆ ತೆರೆದುಕೊಳ್ಳುವ ಸೇಫ್ಟಿ ವಾಲ್ವ್, ಮತ್ತು ಮೆಗ್ನೀಸಿಯಮ್ ಕಡ್ಡಿ. ಈ ಕಡೆಯ ವಸ್ತುವಿನ ಕೆಲಸ ವಿಚಿತ್ರವಾದುದು. ನೀರು ಟ್ಯಾಂಕಿನ ಉಕ್ಕನ್ನು ತಿನ್ನುವ ಬದಲು ಈ ಕಡ್ಡಿಯನ್ನು ತಿನ್ನುತ್ತದೆ. ಕಡ್ಡಿ ತೀರಿದ ಮೇಲೆ ಟ್ಯಾಂಕಿನ ಸರದಿ ಬರುತ್ತದೆ. ಆದುದರಿಂದ ಕೆಲವು ವರ್ಷಗಳಿಗೊಮ್ಮೆ ಕಡ್ಡಿಯನ್ನು ಬದಲಾಯಿಸಿದರೆ ಟ್ಯಾಂಕಿನ ಆಯುಷ್ಯ ಬೆಳೆಯುತ್ತದೆ. ಇದರ ಬೆಲೆ ಅಲ್ಪ. ಆದರೆ ಇಂಥದೊಂದು ಕಡ್ಡಿಯಿದೆಯೆಂಬುದೇ ಬಹುಪಾಲು ಮನೆಗಳಿಗೆ ತಿಳಿದಿರುವುದಿಲ್ಲ. ನಮ್ಮ ಮನೆಗೂ ತಿಳಿದಿರಲಿಲ್ಲ.

ಎರಡನೆಯ ಕಾರಣ ನೀರು. ನದಿಯ ನೀರು ಸಾಮಾನ್ಯವಾಗಿ ಮೃದು. ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡಸು. ಹರಿಹರವು ತುಂಗಭದ್ರೆಯ ದಡದಲ್ಲಿಯೇ ಇದೆ. ದಾವಣಗೆರೆಯು ಭದ್ರಾ ನಾಲೆಯಿಂದ ತುಂಬುವ ಕುಂದುವಾಡ ಕೆರೆಯನ್ನೂ, ಹರಿಹರದ ಬಳಿಯ ರಾಜನಹಳ್ಳಿಯಿಂದ ಪಂಪು ಮಾಡುವ ನದಿಯ ನೀರನ್ನೂ ಅವಲಂಬಿಸಿದೆ. ಆದರೆ ನಲ್ಲಿಯ ನೀರು ಪ್ರತಿದಿನವೂ ಬಾರದ ಬಡಾವಣೆಗಳಲ್ಲಿ ಕೊಳವೆಬಾವಿಯ ನೀರೇ ಬಚ್ಚಲಿಗೆ ಗತಿ. ಗಡಸು ನೀರನ್ನು ಕಾಯಿಸಿದಾಗ ಅದರಲ್ಲಿ ಕರಗಿರುವ ಸುಣ್ಣದ ಅಂಶವು ಬೇರ್ಪಟ್ಟು ಕಾಯಿಲಿನ ಮೇಲೆ ಪೊರೆಯಾಗಿ ಕೂರುತ್ತದೆ. ಪೊರೆಯಿಂದ ಶಾಖವು ನೀರಿಗೆ ಸುಲಭವಾಗಿ ಹೋಗದೆ ಕಾಯಿಲ್ ತಾನೇ ಅತಿಯಾಗಿ ಕಾದು ಸುಟ್ಟುಹೋಗುತ್ತದೆ. ಹಂಡೆಯಲ್ಲಿಯೂ ಈ ಪೊರೆ ಕೂರುತ್ತಿತ್ತು. ಅದನ್ನು ಕೈಹಾಕಿ ಉಜ್ಜಿ ತೆಗೆಯಬಹುದಾಗಿತ್ತು. ಗೀಸರಿಗೆ ಬಾಯಿಲ್ಲದ್ದರಿಂದ ಮೆಕ್ಯಾನಿಕ್ ಬೇಕು. ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡ ಎರಡು ಗೀಸರುಗಳು ನದಿಯ ನೀರಿನ ಮನೆಯಲ್ಲಿ ಹೆಚ್ಚು ಕಾಲವೂ, ಕೊಳವೆಬಾವಿಯ ನೀರಿನ ಮನೆಯಲ್ಲಿ ಕಡಮೆ ಕಾಲವೂ ಬಾಳುವುದು ಈ ಕಾರಣದಿಂದ. ಊರಿನ ನೀರಿನ ವ್ಯವಸ್ಥೆಯಲ್ಲಿರುವ ಕೊರತೆಯು ಹೀಗೆ ಮನೆಯ ಖರ್ಚಾಗಿ ಬಚ್ಚಲಿನ ಗೋಡೆಯ ಮೇಲೆ ಕಾಣಿಸಿಕೊಳ್ಳುತ್ತದೆ.

5. ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ಬೆಲೆಗಳು ಅಂಗಡಿಯಿಂದ ಅಂಗಡಿಗೆ, ಮಾದರಿಯಿಂದ ಮಾದರಿಗೆ ವ್ಯತ್ಯಾಸವಾಗುತ್ತವೆ. ಕೆಳಗಿನ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಇಟ್ಟುಕೊಂಡ ದುಂಡು ಸಂಖ್ಯೆಗಳು. ವಾಚಕರು ತಮ್ಮ ಮನೆಯ ಸಂಖ್ಯೆಗಳನ್ನು ಅವುಗಳ ಸ್ಥಾನದಲ್ಲಿ ಇಟ್ಟು ನೋಡಬಹುದು.

15 ಲೀಟರಿನ ಗೀಸರಿನ ಬೆಲೆ 8,000 ರೂಪಾಯಿ. ಹಳೆಯದನ್ನು ಇಳಿಸಿ, ಪೈಪುಗಳನ್ನು ಸರಿಪಡಿಸಿ, ಹೊಸದನ್ನು ಕೂರಿಸಲು 1,500. ಎಂಟು ವರ್ಷಗಳ ಆಯುಷ್ಯದಲ್ಲಿ ಕಾಯಿಲ್, ಥರ್ಮೋಸ್ಟ್ಯಾಟ್, ಕಡ್ಡಿಗಳ ದುರಸ್ತಿಗೆ 2,500. ಒಟ್ಟು 12,000 ರೂಪಾಯಿ. ಇದು ಕಣ್ಣಿಗೆ ಕಾಣುವ ವೆಚ್ಚ.

ಇನ್ನು ವಿದ್ಯುತ್ತು. ಒಂದು ಯೂನಿಟ್ಟೆಂದರೆ 860 ಕಿಲೊಕ್ಯಾಲೊರಿ. ಮೇಲೆ ಹೇಳಿದ 1,360 ಕಿಲೊಕ್ಯಾಲೊರಿಗೆ ಸುಮಾರು 1.6 ಯೂನಿಟ್ಟು ಬೇಕು. ಟ್ಯಾಂಕಿನ ಗೋಡೆಯಿಂದಲೂ ಪೈಪಿನಿಂದಲೂ ಸೋರುವ ಶಾಖವನ್ನು ಸೇರಿಸಿ ದಿನಕ್ಕೆ ಎರಡು ಯೂನಿಟ್ಟೆನ್ನೋಣ. ವರ್ಷಕ್ಕೆ 300 ದಿನಗಳಂತೆ 600 ಯೂನಿಟ್ಟು. ಯೂನಿಟ್ಟಿಗೆ 6 ರೂಪಾಯಿನಂತೆ 3,600 ರೂಪಾಯಿ. ಎಂಟು ವರ್ಷಕ್ಕೆ 28,800 ರೂಪಾಯಿ. ಎರಡನ್ನೂ ಕೂಡಿಸಿದರೆ 40,800. ಅಂದರೆ ವರ್ಷಕ್ಕೆ 5,100, ಸ್ನಾನದ ದಿನಕ್ಕೆ 17, ಒಬ್ಬರ ಒಂದು ಸ್ನಾನಕ್ಕೆ ನಾಲ್ಕೂಕಾಲು ರೂಪಾಯಿ. ಇದರಲ್ಲಿ ಸಾಧನ ಮತ್ತು ದುರಸ್ತಿಗೆ ಹೋದದ್ದು ನೂರಕ್ಕೆ 30ಕ್ಕಿಂತ ಕಡಮೆ. ಅಂಗಡಿಯಲ್ಲಿ ಐನೂರು ರೂಪಾಯಿಗಾಗಿ ಚೌಕಾಸಿ ಮಾಡುವವರು ಉಳಿದ ಎಪ್ಪತ್ತು ಪಾಲನ್ನು ಗಮನಿಸದೆ ಮನೆಗೆ ಬರುತ್ತಾರೆ.

ಇದರಿಂದ ಒಂದು ತಪ್ಪು ತೀರ್ಮಾನಕ್ಕೂ ಎಡೆಯಾಗಬಹುದು. ವಿದ್ಯುತ್ತಿನ ಪಾಲು ಅಷ್ಟೊಂದಾದರೆ, ಕೆಲಸ ಮಾಡುತ್ತಿರುವ ಹಳೆಯ ಗೀಸರನ್ನು ತೆಗೆದು ಹೆಚ್ಚು ನಕ್ಷತ್ರಗಳ ಹೊಸದನ್ನು ಹಾಕಿದರೆ ಲಾಭವಲ್ಲವೆ ಎಂದು ಕೇಳಬಹುದು. ಆದರೆ ಕಾಯಿಲ್ ನೀರಿನೊಳಗೇ ಇರುವುದರಿಂದ ಯಾವ ವಿದ್ಯುತ್ ಗೀಸರಿನಲ್ಲಿಯಾದರೂ ಶಾಖವು ಹೆಚ್ಚು ಕಡಮೆ ಪೂರ್ತಿಯಾಗಿ ನೀರಿಗೇ ಸೇರುತ್ತದೆ. ನಕ್ಷತ್ರಗಳು ಅಳೆಯುವುದು, ಕಾದ ನೀರು ಟ್ಯಾಂಕಿನಲ್ಲಿ ಸುಮ್ಮನೆ ನಿಂತಿರುವಾಗ ಆಗುವ ನಷ್ಟವನ್ನು ಮಾತ್ರ. ಮೇಲಿನ ಲೆಕ್ಕದಲ್ಲಿ ಆ ನಷ್ಟ ದಿನಕ್ಕೆ 0.4 ಯೂನಿಟ್ಟು, ಅದು ಅರ್ಧವಾದರೂ ವರ್ಷಕ್ಕೆ ಉಳಿಯುವುದು 60 ಯೂನಿಟ್ಟು, 360 ರೂಪಾಯಿ. ಸ್ನಾನಕ್ಕೆ ಸ್ವಲ್ಪ ಮುಂಚೆ ಹಚ್ಚಿ, ಮುಗಿದೊಡನೆ ಆರಿಸುವ ಮನೆಯಲ್ಲಿ ಅಷ್ಟೂ ಇಲ್ಲ. ಆದುದರಿಂದ ಕೆಡದ ಗೀಸರನ್ನು ಉಳಿತಾಯಕ್ಕಾಗಿ ಬದಲಾಯಿಸುವುದು ಸಮಂಜಸವಲ್ಲ. ಕೆಟ್ಟದ್ದನ್ನು ಬದಲಾಯಿಸುವಾಗ ಹೆಚ್ಚು ನಕ್ಷತ್ರಗಳದ್ದನ್ನು ತರುವುದು ಸಮಂಜಸ. ಕಾಯಿಲ್ ಅಥವಾ ಥರ್ಮೋಸ್ಟ್ಯಾಟ್ ಹೋಗಿದ್ದರೆ ದುರಸ್ತಿ; ಟ್ಯಾಂಕು ತೂತಾದರೆ ಬದಲಾವಣೆ. ಇದು ಸಾಮಾನ್ಯ ಸೂತ್ರ.

6. ಸೂರ್ಯ ಮತ್ತು ಗ್ಯಾಸು

ಮೂರನೆಯ ದಾರಿ ಸೌರ ಸಾಧನ. ಕರ್ನಾಟಕವು ಸೂರ್ಯನಿಂದ ನೀರು ಕಾಯಿಸುವ ವಿಷಯದಲ್ಲಿ ದೇಶದಲ್ಲಿ ಮುಂದಿರುವ ರಾಜ್ಯ. ನಿರ್ದಿಷ್ಟ ವಿಸ್ತೀರ್ಣಕ್ಕೆ ಮೇಲ್ಪಟ್ಟ ಹೊಸ ಮನೆಗಳಿಗೆ ಇದನ್ನು ಸರ್ಕಾರವು 2007ರಲ್ಲಿ ಕಡ್ಡಾಯ ಮಾಡಿತು. ಇದನ್ನು ಅಳವಡಿಸಿಕೊಂಡವರಿಗೆ ವಿದ್ಯುತ್ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದಂತೆ, ರಿಯಾಯಿತಿಯನ್ನು ಕೊಡುವ ಕ್ರಮವೂ ಬಂದಿತು. ಕೂರಿಸುವ ಖರ್ಚು ಸೇರಿ ಬೆಲೆ 25,000 ರೂಪಾಯಿ, ಆಯುಷ್ಯ 15 ವರ್ಷ, ದುರಸ್ತಿ ಒಟ್ಟು 6,000 ಎಂದು ಇಟ್ಟುಕೊಳ್ಳೋಣ. ಮೋಡ ಕವಿದ 60 ದಿನಗಳಲ್ಲಿ ವಿದ್ಯುತ್ತನ್ನು ಬಳಸಿದರೆ ವರ್ಷಕ್ಕೆ 120 ಯೂನಿಟ್ಟಿಗೆ 720 ರೂಪಾಯಿ. 15 ವರ್ಷಕ್ಕೆ 10,800. ಒಟ್ಟು 41,800, ವರ್ಷಕ್ಕೆ ಸುಮಾರು 2,800. ಗೀಸರಿನ 5,100ಕ್ಕೆ ಹೋಲಿಸಿದರೆ ಇದು ಅರ್ಧಕ್ಕಿಂತ ತುಸು ಹೆಚ್ಚು. ಮೊದಲಿಗೆ ಕೊಡಬೇಕಾದ ಹೆಚ್ಚಿನ ಹಣ 15,500 ರೂಪಾಯಿ. ವರ್ಷಕ್ಕೆ ಉಳಿಯುವ ವಿದ್ಯುತ್ತಿನ ಬೆಲೆ 2,880. ಐದೂವರೆ ವರ್ಷದೊಳಗೆ ಹಣ ಹಿಂತಿರುಗುತ್ತದೆ.

ಸೌರ ಸಾಧನದಲ್ಲಿ ಎರಡು ಬಗೆಯುಂಟು. ತಾಮ್ರದ ನಾಳಗಳ ಮೇಲೆ ಗಾಜು ಹೊದಿಸಿದ ಚಪ್ಪಟೆ ಫಲಕದ್ದು ಬಹುಕಾಲ ಬಾಳುವಂಥದು, ಆದರೆ ಗಡಸು ನೀರಿನಿಂದ ಅದರ ನಾಳಗಳು ಕಟ್ಟಿಕೊಳ್ಳುತ್ತವೆ. ನಿರ್ವಾತ ಗಾಜಿನ ಕೊಳವೆಗಳದ್ದು ಅಗ್ಗ. ಒಡೆದ ಕೊಳವೆಯನ್ನು ಒಂದೊಂದಾಗಿಯೇ ಬದಲಾಯಿಸಬಹುದು. ಕೊಳವೆಬಾವಿಯ ನೀರಿನ ಮನೆಗೆ ಎರಡನೆಯದೇ ಹೆಚ್ಚು ಹೊಂದುತ್ತದೆ. ಮನೆಯ ತಣ್ಣೀರಿನ ಟ್ಯಾಂಕು ಸೌರ ಟ್ಯಾಂಕಿಗಿಂತ ಎತ್ತರದಲ್ಲಿರಬೇಕು. ಹಳೆಯ ಮನೆಗೆ ಸೌರ ಸಾಧನವನ್ನು ಕೂರಿಸುವಾಗ ಈ ಎತ್ತರಕ್ಕಾಗಿ ಹೊಸ ಕಟ್ಟೆ ಕಟ್ಟುವ ಖರ್ಚು ಎಷ್ಟೋ ವೇಳೆ ಲೆಕ್ಕದ ಹೊರಗೆ ಉಳಿದಿರುತ್ತದೆ.

ನಾಲ್ಕನೆಯ ದಾರಿ ಗ್ಯಾಸಿನ ಗೀಸರ್. ಗ್ಯಾಸಿನಲ್ಲಿ ಕಿಲೋಗ್ರಾಮಿಗೆ ಸುಮಾರು 11,000 ಕಿಲೊಕ್ಯಾಲೊರಿ ಇದ್ದು ಅದರಲ್ಲಿ ನೂರಕ್ಕೆ 80ರಷ್ಟು ನೀರಿಗೆ ಸೇರುವುದಾದರೆ ವರ್ಷಕ್ಕೆ 46 ಕಿಲೋಗ್ರಾಂ, ಅಂದರೆ ಮನೆಬಳಕೆಯ 14.2 ಕಿಲೋಗ್ರಾಮಿನ ಮೂರು ಸಿಲಿಂಡರುಗಳಿಗಿಂತ ಸ್ವಲ್ಪ ಹೆಚ್ಚು ಬೇಕು. ಕಿಲೋಗ್ರಾಮಿಗೆ 60 ರೂಪಾಯಿನಂತೆ ಇದು 2,800ರಷ್ಟಾಗುತ್ತದೆ, ವಿದ್ಯುತ್ತಿಗಿಂತ ಅಗ್ಗ. ಆದರೆ ಇಲ್ಲಿ ಬೇರೊಂದು ಬಗೆಯ ವೆಚ್ಚವಿದೆ. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸು ಉರಿದಾಗ ಗಾಳಿಯ ಆಮ್ಲಜನಕವು ತಗ್ಗಿ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಹುಟ್ಟುತ್ತದೆ. ಸ್ನಾನಕ್ಕೆ ಹೋದವರು ಹೊರಗೆ ಬಾರದೆ ಹೋದ ಪ್ರಸಂಗಗಳು ಕರ್ನಾಟಕದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಗ್ಯಾಸಿನ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಸ್ಥಳದಲ್ಲಿಯೇ ಕೂರಿಸಬೇಕು. ಹಂಡೆಯ ಒಲೆಯ ಬಾಯನ್ನು ಹಿತ್ತಲಿಗೆ ಇಟ್ಟ ಹಿಂದಿನವರು ಇದೇ ವಿವೇಕವನ್ನು ಬಳಸಿದ್ದರು. ಅವರ ಹೊಗೆ ಕೆಮ್ಮಿಸಿ ಎಚ್ಚರಿಸುತ್ತಿತ್ತು. ಈ ವಾಯು ಎಚ್ಚರಿಸುವುದಿಲ್ಲ.

7. ತೆರುವವರು ಯಾರು?

ಲೆಕ್ಕವು ಒಂದಾದರೂ ಅದನ್ನು ತೆರುವವರು ಒಬ್ಬರೇ ಅಲ್ಲ. ಬಾಡಿಗೆಯ ಮನೆಯಲ್ಲಿ ಸಾಧನವನ್ನು ಕೊಳ್ಳುವವನು ಮಾಲೀಕ, ಬಿಲ್ಲು ಕಟ್ಟುವವನು ಬಾಡಿಗೆದಾರ. ಮಾಲೀಕನಿಗೆ ಅಗ್ಗದ ಗೀಸರೇ ಲಾಭ. ಹೆಚ್ಚಿನ ಬೆಲೆಯ ಸೌರ ಸಾಧನವನ್ನು ಹಾಕಿಸಿದರೆ ಉಳಿತಾಯವು ಇನ್ನೊಬ್ಬನಿಗೆ ಹೋಗುತ್ತದೆ. ಕಾಲೇಜುಗಳಿಗಾಗಿ ಹೊರಗಿನಿಂದ ಬಂದು ನೆಲೆಸುವವರು ಬಹುಸಂಖ್ಯೆಯಲ್ಲಿರುವ ದಾವಣಗೆರೆಯಂಥ ಊರಿನಲ್ಲಿ ಇದು ಸಣ್ಣ ವಿಷಯವಲ್ಲ.

2023ರಲ್ಲಿ ರಾಜ್ಯ ಸರ್ಕಾರವು ಆರಂಭಿಸಿದ ಗೃಹಜ್ಯೋತಿ ಯೋಜನೆಯು ಈ ಲೆಕ್ಕಕ್ಕೆ ಹೊಸ ತಿರುವನ್ನು ಕೊಟ್ಟಿತು. ಅದರ ಪ್ರಕಾರ ಮನೆಯೊಂದರ 2022–23ರ ಸರಾಸರಿ ಬಳಕೆಗೆ ಸ್ವಲ್ಪ ಹೆಚ್ಚು ಸೇರಿಸಿ, ತಿಂಗಳಿಗೆ 200 ಯೂನಿಟ್ಟು ಮೀರದಂತೆ, ಉಚಿತ ಪ್ರಮಾಣವನ್ನು ಗೊತ್ತುಮಾಡಲಾಯಿತು. ಆ ಪ್ರಮಾಣವನ್ನು ದಾಟಿದರೆ ಹೆಚ್ಚಿನ ಯೂನಿಟ್ಟುಗಳಿಗೆ ಹಣ. 200ನ್ನೇ ದಾಟಿದರೆ ಇಡೀ ಬಿಲ್ಲಿಗೆ ಹಣ. ಹಿಂದಿನ ಬಳಕೆಯ ದಾಖಲೆಯಿಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿಯಾದ 53 ಯೂನಿಟ್ಟಿನ ಆಧಾರದ ಮೇಲೆ 58 ಯೂನಿಟ್ಟನ್ನು ನಿಗದಿಮಾಡಿದರು. ನಮ್ಮ ಲೆಕ್ಕದ ಗೀಸರು ತಿಂಗಳಿಗೆ 60 ಯೂನಿಟ್ಟನ್ನು ತಾನೊಂದೇ ತಿನ್ನುತ್ತದೆಂಬುದನ್ನು ಇಲ್ಲಿ ನೆನೆಯಬೇಕು.

ಇದರ ಫಲವೇನು? 2022–23ರಲ್ಲಿ ಗೀಸರನ್ನು ಬಳಸುತ್ತಿದ್ದ ಮನೆಗೆ ಆ 60 ಯೂನಿಟ್ಟು ಉಚಿತ ಪ್ರಮಾಣದೊಳಗೇ ಸೇರಿಹೋಯಿತು. ಅದೇ ವರ್ಷದಲ್ಲಿ ಹಂಡೆಯ ಒಲೆಯನ್ನೋ ಸೌರ ಸಾಧನವನ್ನೋ ಬಳಸುತ್ತಿದ್ದ ಮನೆಗೆ ಕಡಮೆ ಪ್ರಮಾಣ ಗೊತ್ತಾಯಿತು. ಅದು ಈಗ ಗೀಸರಿಗೆ ಬದಲಾದರೆ 60 ಯೂನಿಟ್ಟಿನ ಬಹುಪಾಲಿಗೂ ಹಣ ತೆರಬೇಕು. ಮೊದಲನೆಯ ಮನೆಯು ಸೌರ ಸಾಧನಕ್ಕೆ 25,000 ರೂಪಾಯಿ ಹಾಕಿದರೆ ಅದಕ್ಕೆ ಮರಳಿ ಬರುವುದು ಏನೂ ಇಲ್ಲ. ಒಂದು ವರ್ಷದ ಅಭ್ಯಾಸವು ಮುಂದಿನ ವರ್ಷಗಳ ಹಕ್ಕಾಗಿ ಪರಿಣಮಿಸಿತು. ಚರಿತ್ರೆಯ ವಿದ್ಯಾರ್ಥಿಗೆ ಇದು ಅಪರಿಚಿತವಲ್ಲ. ಒಮ್ಮೆ ದಾಖಲೆಗೆ ಸೇರಿದ ಕಂದಾಯದ ಅಂಕಿಯು ತಲೆಮಾರುಗಳವರೆಗೆ ಹೊಲದ ಭಾಗ್ಯವನ್ನು ನಿರ್ಣಯಿಸಿದುದನ್ನು ನಾವು ಓದಿದ್ದೇವೆ; ಇಲ್ಲಿ ಮೀಟರಿನ ಅಂಕಿಯು ಅದೇ ಕೆಲಸವನ್ನು ಮಾಡಿತು. ಯೋಜನೆಯಿಂದ ಬಡಮನೆಗಳಿಗಾದ ಉಪಕಾರವನ್ನು ಇದರಿಂದ ಅಲ್ಲಗಳೆದಂತಾಗಲಿಲ್ಲ. ಮನೆಯ ಲೆಕ್ಕದಲ್ಲಿ ಸೊನ್ನೆಯಾದ ವೆಚ್ಚವು ನಾಡಿನ ಲೆಕ್ಕದಲ್ಲಿ ಸೊನ್ನೆಯಾಗುವುದಿಲ್ಲವೆಂಬುದಷ್ಟೇ ನಮ್ಮ ಮಾತು.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಸಾಧನದ ಬೆಲೆ ಬೇರೆ, ಬದಲಾವಣೆಯ ವೆಚ್ಚ ಬೇರೆ ಎಂಬುದು ಸ್ಪಷ್ಟವಾಗುತ್ತದೆ. ಬೆಲೆಗೆ ಉರುವಲನ್ನೋ ವಿದ್ಯುತ್ತನ್ನೋ ಸೇರಿಸಬೇಕು; ದುರಸ್ತಿಯನ್ನು ಸೇರಿಸಬೇಕು; ಮನೆಯವರ ದುಡಿಮೆಯನ್ನು ಸೇರಿಸಬೇಕು; ಕಡೆಯಲ್ಲಿ, ಹಳೆಯ ವಸ್ತುವಿನಲ್ಲಿ ಉಳಿದ ಬೆಲೆಯನ್ನು ಕಳೆಯಬೇಕು. ಹಂಡೆಯ ಕಾಲದಲ್ಲಿ ಕೊನೆಯ ಅಂಶವು ದೊಡ್ಡದಾಗಿದ್ದು ದುಡಿಮೆಯು ಲೆಕ್ಕದಿಂದ ಮರೆಯಾಗಿತ್ತು. ಗೀಸರಿನ ಕಾಲದಲ್ಲಿ ದುಡಿಮೆ ಇಳಿದಿದೆ, ಉಳಿಕೆಯ ಬೆಲೆಯೂ ಇಲ್ಲವಾಗಿದೆ. ಬೆಳಗಿನ ಜಾವದ ಆ 37 ದಿನಗಳನ್ನು ಮನೆಯ ಹೆಂಗಸಿಗೆ ಹಿಂತಿರುಗಿಸಿದ ಸಾಧನವೇ, ಅವಳ ಹೆಸರು ಕೊರೆದ ತಾಮ್ರವನ್ನು ಮನೆಯಿಂದ ಹೊರಗೆ ಕಳುಹಿಸಿತು. ಒಂದನ್ನು ಲಾಭವೆಂದೂ ಮತ್ತೊಂದನ್ನು ನಷ್ಟವೆಂದೂ ಬರೆದುಕೊಳ್ಳುವುದೇ ನ್ಯಾಯವಾದ ಲೆಕ್ಕ. ಒಂದನ್ನೇ ಹೇಳಿ ಮತ್ತೊಂದನ್ನು ಬಿಡುವುದು ಚರಿತ್ರಕಾರನಿಗೆ ಸಲ್ಲದು.

ಕಡೆಯದಾಗಿ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಈ ವಿಷಯದ ಮೂಲ ಸಾಮಗ್ರಿಯು ಪತ್ರಾಗಾರಗಳಿಗಿಂತ ಹೆಚ್ಚಾಗಿ ನಮ್ಮ ನಮ್ಮ ಮನೆಗಳಲ್ಲಿಯೇ ಇದೆ: ಅಜ್ಜ ಬರೆದಿಟ್ಟ ಖರ್ಚಿನ ಪುಸ್ತಕ, ಪಾತ್ರೆ ಅಂಗಡಿಯ ರಸೀತಿ, ಹಳೆಯ ವಿದ್ಯುತ್ ಬಿಲ್ಲು, ಮದುವೆಯಲ್ಲಿ ಕೊಟ್ಟ ಸಾಮಾನಿನ ಪಟ್ಟಿ. ಇವುಗಳನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಓದಿ ನಕಲು ಮಾಡಿಟ್ಟುಕೊಳ್ಳಬೇಕು. ಮನೆಯಲ್ಲಿ ಹಂಡೆಯ ಒಲೆಗೆ ಬೆಂಕಿ ಹಚ್ಚಿದ ಹಿರಿಯರಿದ್ದರೆ, ಎಷ್ಟು ಹೊತ್ತಿಗೆ ಏಳುತ್ತಿದ್ದರು, ಯಾವ ಕಟ್ಟಿಗೆ ತರುತ್ತಿದ್ದರು, ಹಂಡೆಯನ್ನು ಯಾವ ವರ್ಷ ಯಾವ ಕಾರಣಕ್ಕೆ ಕೊಟ್ಟರು ಎಂದು ಕೇಳಿ ಬರೆದುಕೊಳ್ಳಬೇಕು. ನಮ್ಮ ಮನೆಯ ಹಂಡೆ ಯಾರ ತವರಿನಿಂದ ಬಂದಿತ್ತೆಂದು ನಾನು ಕೇಳಿದ್ದು ಗೀಸರು ಸೋರಿದ ಮೇಲೆ. ಹೇಳಬಲ್ಲವರು ಇನ್ನೂ ಒಬ್ಬರು ಉಳಿದಿದ್ದರೆಂಬುದು ನನ್ನ ಪುಣ್ಯ.